ಸೂಜಿ ನಿಂದು, ಒಪ್ಪತ್ತು ನಂದು

ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರೆಲ್ಲ ಹಿಂದಿನ ಸಂಜೆಯೇ ತಮ್ಮ ತಮ್ಮ ಊರಿಗೆ ಹೋಗಿದ್ದರು. ಅಂಗಳದಲ್ಲಿ ಕಟ್ಟಿದ್ದ ಪೆಂಡಾಲೂ ಇಳಿದಿತ್ತು. ಜಮಖಂಡಿಯ ಆ ಓಣಿಗೆ ಹಾಲಿನವನು ಎಂದಿನ ಹೊತ್ತಿಗೇ ಬಂದ. ಎಂದಿನಂತೆ ಅಳತೆ ಪಾತ್ರೆ ಎತ್ತಿದವನು ತಡೆದು ನಿಂತು, "ಎಷ್ಟ ಹಾಕಲ್ರಿ ವೈನಿ?" ಎಂದು ಕೇಳಿದ.

ಸುಪ್ರೀತಾ ಪಾತ್ರೆ ಮುಂದೆ ಹಿಡಿದಳು. ಒಳಗಿನಿಂದ ಮಾವ ಜಿನ್ನಪ್ಪ ಉತ್ತರ ಕೊಟ್ಟ: "ದಿನಾ ಹಾಕೂವಷ್ಟ ಹಾಕಪಾ. ಯಾರರ ಕುಡೀತಾರ."

ಹಾಲು ಒಲೆಯ ಮೇಲಿಟ್ಟು ಅವಳು ಫ್ರಿಜ್ ತೆರೆದಳು. ಕೆಳಗಿನ ಖಾನೆ ಖಾಲಿಯಾಗಿತ್ತು. ಖಾಲಿಯಷ್ಟೇ ಅಲ್ಲ, ಒದ್ದೆ ಬಟ್ಟೆಯಿಂದ ಒರೆಸಿದ ಗುರುತೂ ಇತ್ತು.

"ಮೇಘಾ, ಇಲ್ಲಿದ್ದ ಡಬ್ಬಿ ಎಲ್ಲಿ?"

ನಾದಿನಿ ಮೇಘಾ ಹೆರಳು ಹಾಕಿಕೊಳ್ಳುತ್ತ ಅಡಿಗೆಮನೆಯ ಬಾಗಿಲಿಗೆ ಬಂದಳು. "ಅಣ್ಣನ ಸೂಜಿ ಡಬ್ಬಿ? ಅವ್ವ ಒಯ್ದಾಳ್ರಿ ವೈನಿ. ನಸಿಕಿನ್ಯಾಗ ಎದ್ದು ಬಾಜೂ ಮನಿ ಶೇವಂತಿ ಮಾಂಶಿನ್ನ ಕರಕೊಂಡು ಟಂಟಂನ್ಯಾಗ ಚಿಕ್ಕಪಡಸಲಗಿ ಬ್ಯಾರೇಜಿಗಿ ಹೋಗ್ಯಾಳ. ಹಾಸಿಗಿ, ಚಪ್ಪಲಿ, ಗುಳಿಗಿ ಚೀಲಾ, ಎಲ್ಲಾ ಗಂಟ ಕಟ್ಕೊಂಡು. ಸತ್ತವರ ಔಷಧಾ ಮನ್ಯಾಗ ಇಡಬಾರದಂತ."

ಆ ಮನೆಯ ಪದ್ಧತಿ ಅದು. ಸೂತಕ ಕಳೆದ ಮರುದಿನ, ಹೋದವರು ಮಲಗಿದ ಹಾಸಿಗೆ ಮತ್ತು ಅವರು ತೆಗೆದುಕೊಳ್ಳುತ್ತಿದ್ದ ಔಷಧ ಹೊಸಿಲು ದಾಟಬೇಕು. ಜಿನ್ನಪ್ಪನ ತಾಯಿಯ ದಮ್ಮಿನ ಔಷಧವೂ ಹೀಗೆಯೇ ಕೃಷ್ಣೆಯ ಪಾಲಾಗಿತ್ತು.

ಸುಪ್ರೀತಾ ಹಾಲು ಉಕ್ಕುವ ಮೊದಲೇ ಒಲೆ ಆರಿಸಿದಳು. ಲೋಟಗಳನ್ನು ತೊಳೆದಿಟ್ಟಳು. ಆ ಸೂಜಿಗಳು ಗಂಡ ಸಿದ್ಧಾಂತನವಲ್ಲ, ತನ್ನವು, ಅದರಲ್ಲಿ ಒಂದನ್ನು ಇವತ್ತು ಬೆಳಿಗ್ಗೆಯೇ ತಾನು ಚುಚ್ಚಿಕೊಳ್ಳಬೇಕಿತ್ತು ಎಂಬ ಮಾತನ್ನು ಹೇಳಲು ಆ ಮನೆಯಲ್ಲಿ ಈಗ ಯಾರೂ ಇರಲಿಲ್ಲ. ಅದು ಗೊತ್ತಿದ್ದವನು ಒಬ್ಬನೇ. ಅವನು ಹದಿನಾಲ್ಕು ದಿನದ ಹಿಂದೆ ಮಧ್ಯಾಹ್ನ ತನ್ನ ಅರಿವೆ ಅಂಗಡಿಯಲ್ಲಿ "ಎದಿ ಹಿಡದಂಗ ಆತು" ಎಂದು ಕುಳಿತವನು ಮತ್ತೆ ಏಳಲಿಲ್ಲ. ಅವನಿಗೆ ಮೂವತ್ತೆರಡು ವಯಸ್ಸು.

ಸುಳ್ಳು ಹುಟ್ಟಿದ್ದು ಮೂರು ವರ್ಷದ ಹಿಂದೆ, ಮಿರಜದ ಬಸ್ ನಿಲ್ದಾಣದಲ್ಲಿ. ಮದುವೆಯಾಗಿ ಆರು ತಿಂಗಳಿಗೆ ಸುಪ್ರೀತಾಳಿಗೆ ಹೊಟ್ಟೆ ಕಡಿತ ಶುರುವಾಯಿತು. ದಿನಕ್ಕೆ ಹತ್ತು ಸಲ, ಹನ್ನೆರಡು ಸಲ, ಆಮೇಲೆ ರಕ್ತ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡುವಾಗ ಐವತ್ತೆರಡು ಕಿಲೋ ಇದ್ದವಳು ನಲವತ್ತೊಂದಕ್ಕೆ ಇಳಿದಿದ್ದಳು. ಮಿರಜದ ಡಾಕ್ಟರು ಒಳಗೆ ಕ್ಯಾಮೆರಾ ಹಾಕಿ ನೋಡಿ, ದೊಡ್ಡ ಕರುಳಿನ ಉರಿಯೂತ ಎಂದರು. ಮೈಯ ಕಾವಲು ಪಡೆಯೇ ಕರುಳನ್ನು ವೈರಿ ಎಂದು ತಿಳಿದು ಕಾದಾಡುತ್ತಿದೆ, ಇದು ಪೂರ್ತಿ ಹೋಗುವ ರೋಗವಲ್ಲ, ಹದ್ದಿನಲ್ಲಿಡುವ ರೋಗ, ಎಂದರು. ಹೊರಗೆ ಬಂದು ಚಹಾ ಕುಡಿಯುತ್ತ ಸಿದ್ಧಾಂತ ಹೇಳಿದ್ದ:

"ನನಗ ಆಗೇತಂತ ಹೇಳೂಣು."

"ಏನ್ ಚಾಷ್ಟಿ ಮಾಡ್ತೀರಿ?"

"ಚಾಷ್ಟಿ ಅಲ್ಲ. ಸೊಸಿಗಿ ರೋಗ ಅಂದ್ರ ನಮ್ಮವ್ವ ಮೊದಲ ಬೀಳಗಿಗಿ, ನಿಮ್ಮ ತವರಮನಿಗಿ ಫೋನ್ ಹಚ್ಚತಾಳ. ಮಗಗ ರೋಗ ಅಂದ್ರ ಒಲಿ ಹಚ್ಚತಾಳ."

ಹಾಗೆಯೇ ಆಯಿತು. ಅತ್ತೆ ರಾಜಮತಿ ಒಲೆ ಹಚ್ಚಿದಳು. ಖಾರ ಆ ಮನೆಯಿಂದ ಎದ್ದು ಹೋಯಿತು. ಹೆಸರುಬೇಳೆಯ ತೆಳ್ಳಗಿನ ತವ್ವೆ, ಮೆತ್ತಗಿನ ಅನ್ನ, ಸೋರೆಕಾಯಿ, ಮಜ್ಜಿಗೆ. ಒಂದೇ ಪಾತ್ರೆಯಿಂದ ಐದೂ ಜನ ಉಂಡರು. ಹದಿನೈದು ದಿನಕ್ಕೊಮ್ಮೆ ಕೋಣೆಯ ಬಾಗಿಲು ಹಾಕಿಕೊಂಡು ಸಿದ್ಧಾಂತ ಹೆಂಡತಿಯ ಹೊಟ್ಟೆಗೆ ಸೂಜಿ ಹಾಕುತ್ತಿದ್ದ. ಹೊರಗಿನಿಂದ ರಾಜಮತಿ ಕೇಳುತ್ತಿದ್ದಳು:

"ಬ್ಯಾನಿ ಆಕ್ಕೈತೇನೋ ಸಿದ್ದೂ?"

"ಇಲ್ಲವ್ವಾ. ಇರಿವಿ ಕಡದಂಗ."

ಸುಪ್ರೀತಾ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಎರಡನೆಯ ವರ್ಷದ ಹೊತ್ತಿಗೆ ರಕ್ತ ನಿಂತಿತು, ತೂಕ ಮರಳಿತು.

ರಾಜಮತಿ ಹೊಳೆಯಿಂದ ಬಂದು ಸ್ನಾನ ಮಾಡಿ ನೇರವಾಗಿ ಅಡಿಗೆಮನೆಗೆ ಹೋದಳು. ಒಣಮೆಣಸಿನಕಾಯಿ ಹುರಿದ ಘಾಟು ಪಡಸಾಲೆಯವರೆಗೂ ಬಂತು. ಮೇಘಾ ಕೆಮ್ಮಿದಳು.

"ಅವ್ವಾ, ಏನ್ ಮಾಡಾಕತ್ತೀಬೇ?"

"ಖಾರ ಕುಟ್ಟಾಕತ್ತೇನಿ. ಇನ್ನ ಯಾರ ಸಲುವಾಗಿ ಸಪ್ಪನ್ನ ಅಡಗಿ ಮಾಡ್ಲಿ? ಸಪ್ಪನ್ನದ್ದ ಉಣಿಸಿ, ಸೂಜಿ ಹಾಕಿಸಿ, ಎಲ್ಲಾ ಮಾಡಿ ಏನ್ ಬಂತು? ಆ ಸೂಜೀನ ನನ್ನ ಮಗನ್ನ ತಿಂದವು. ಹೊಳಿಗಿ ಒಗದ ಬಂದೇನಿ."

ಮೂರು ವರ್ಷ "ಇದೇನ್ ಆಸ್ಪತ್ರಿ ಊಟಾ" ಎಂದು ಗೊಣಗುತ್ತಿದ್ದ ಜಿನ್ನಪ್ಪ ಅವತ್ತು ಎರಡು ತುತ್ತು ಉಂಡು ಕಣ್ಣು ಮೂಗು ಒರೆಸಿಕೊಂಡು ಎದ್ದ. ಖಾರಕ್ಕೋ ಮಗನಿಗೋ ಯಾರೂ ಕೇಳಲಿಲ್ಲ. ಸುಪ್ರೀತಾ ತಟ್ಟೆಯಲ್ಲಿದ್ದುದನ್ನು ಪೂರ್ತಿ ಉಂಡಳು. ಬೇಡವೆಂದರೆ ಯಾಕೆಂದು ಹೇಳಬೇಕಾಗುತ್ತಿತ್ತು. ಯಾಕೆಂದು ಹೇಳಿದರೆ, ನಿಮ್ಮ ಮಗ ಮೂರು ವರ್ಷ ನಿಮಗೆ ಸುಳ್ಳು ಹೇಳಿದ ಎಂದು ಹೇಳಬೇಕಾಗುತ್ತಿತ್ತು.

ಮೊದಲ ವಾರ ಹೊಟ್ಟೆ ಸುಮ್ಮನಿತ್ತು. ಎರಡನೆಯ ವಾರ ಕಡಿತ ಮರಳಿತು. ಸಂಡಾಸು ಹಿತ್ತಲಿನ ಮೂಲೆಯಲ್ಲಿ, ನೀರಿನ ತೊಟ್ಟಿಯ ಆಚೆ. ಅಡಿಗೆಮನೆ ಹಾದೇ ಹೋಗಬೇಕು. ತಗಡಿನ ಬಕೆಟ್ಟಿನ ಸದ್ದು ಮನೆಗೆಲ್ಲ ಕೇಳುತ್ತಿತ್ತು.

"ವೈನಿ, ಇವತ್ತ ಎಂಟನೇ ಸಲ," ಎಂದಳು ಮೇಘಾ ಒಂದು ದಿನ.

"ಎಣಸಾಕತ್ತೀಯೇನು?"

"ಬಕೆಟ್ ಎಣಸಾಕತ್ತೈತ್ರಿ. ನಾ ಬರೇ ಕೇಳಾಕತ್ತೇನಿ."

ಓಣಿಯ ಹೆಂಗಸರೂ ಅವಳ ಮುಖ ನೋಡಿ ಮಾತಾಡಿಕೊಂಡರು. ಹಿತ್ತಲ ಗೋಡೆಯ ಮೇಲಿಂದ ಶೇವಂತಿ ದನಿ ಇಳಿಸಿ ಕೇಳಿದಳು: "ರಾಜಮತೀ, ಸೊಸಿ ಮಾರಿ ನೋಡೀಯಿಲ್ಲ? ಊಟಾ ಸೇರವಲ್ದು, ಬಿಳಚಿಕೊಂಡಾಳ. ನಿನ್ನ ಮಗಾ ಏನರ ಬಿಟ್ಟ ಹೋಗ್ಯಾನೇನ ಕೇಳು."

ಆ ಸಂಜೆ, ಹೊತ್ತು ಮುಳುಗುವ ಮೊದಲು ಎಲ್ಲರೂ ಊಟಕ್ಕೆ ಕುಳಿತಾಗ, ಸುಪ್ರೀತಾಳ ತಟ್ಟೆಯ ಪಕ್ಕದಲ್ಲಿ ಸುಲಿದ ದಾಳಿಂಬೆ ಇತ್ತು. ರಾಜಮತಿಯ ಮುಖದಲ್ಲಿ ಹೆದರಿದಂಥ ಒಂದು ಸಂತೋಷ ಇತ್ತು. ಅದನ್ನು ಒಂದು ದಿನ ಕೂಡ ಬೆಳೆಯಲು ಬಿಡುವುದು ಸುಪ್ರೀತಾಳಿಂದ ಆಗಲಿಲ್ಲ.

"ಅತ್ಯಾರ, ಹಂತಾದ್ದೇನೂ ಇಲ್ರಿ."

"ಮತ್ತ? ಏನಾಗೇತಿ?"

"ಬ್ಯಾನಿರಿ. ನೀವು ಹೊಳಿಗಿ ಒಗದ ಬಂದ್ರಲ್ಲ, ಆ ಸೂಜಿ ನಂದ್ರಿ."

ಸೌಟು ಅನ್ನದ ಮೇಲೆಯೇ ನಿಂತಿತು.

"ಅವರಿಗೇನೂ ಆಗಿರಲಿಲ್ರಿ. ರೋಗ ನಂದು. ಅವರದಂತ ಹೇಳಿದ್ವಿ."

"ಸುಪ್ರೀತಾ!" ರಾಜಮತಿಯ ದನಿ ಸಣ್ಣಗಾಯಿತು. "ಸತ್ತವನ ಮ್ಯಾಲೆ ಸುಳ್ಳ ಹೊರಸಬ್ಯಾಡ. ಮೂರ ವರ್ಷ ನನ್ನ ಮಗಾ ಸಪ್ಪನ್ನದ್ದ ಉಂಡಾನ. ರೋಗ ಇಲ್ಲದಾಂವ ಯಾಕ ಉಣ್ಣತಾನ?"

ಮೇಘಾ ತಟ್ಟೆ ನೋಡುತ್ತ ಹೇಳಿದಳು: "ಉಂಡಾನ ಖರೆ ಅವ್ವಾ. ಉಂಡ ಮ್ಯಾಲೆ..."

"ಉಂಡ ಮ್ಯಾಲೆ ಏನ?"

"ಮಿರ್ಚಿ ತಿಂತಿದ್ದ. ಬಸ್ ಸ್ಟ್ಯಾಂಡ್ ಬಾಜೂಕಿನ ಗಾಡ್ಯಾಗ. ಎರಡ ಸಲ ನನ್ನ ಕೈಯಾಗ ಸಿಕ್ಕಾನ. ನನಗೂ ಒಂದ ಪ್ಲೇಟ್ ಕೊಡಸಿ, ಅವ್ವಗ ಹೇಳಿದ್ರ ನಿನ್ನ ಮದಿವಿಗಿ ಬರಂಗಿಲ್ಲ ನೋಡ್ ಅಂದಿದ್ದ." ಅಷ್ಟು ಹೇಳಿ ಅವಳು ತಟ್ಟೆ ಸರಿಸಿದಳು.

ಜಿನ್ನಪ್ಪ ಗಂಟಲು ಸರಿಮಾಡಿಕೊಂಡ. "ನಾನೂ ನೋಡೇನಿ."

"ನೀವೂ?"

"ಏಳು ತಿಂದ. ಎಂಟನೇದ ಹಿಡದಾಗ ನನ್ನ ನೋಡಿದ. ಹೊಟ್ಟಿಬ್ಯಾನಿ ಇದ್ದಾಂವ ಏಳು ಮಿರ್ಚಿ ತಿಂದು ನಕ್ಕೋತ ನಿಂತಾನಲ್ಲ, ಔಷಧಾ ಭಾಳ ಛಲೋ ಅದಾವು ಅಂದ್ಕೊಂಡ ಮನಿಗಿ ಬಂದ್ನಿ."

"ಏಳು!" ಎಂದಳು ರಾಜಮತಿ. "ನನ್ನ ಕೈಯಾಗಿನ ಸೋರಿಕಾಯಿ ಉಂಡು, ಬಾಯಿ ಒರಸ್ಕೊಂಡು, 'ಎಷ್ಟ ರುಚಿ ಆಗೇತವ್ವಾ' ಅಂತಿದ್ನಲ್ಲ ಭಾಡ್ಯಾ!" ಅವಳ ಗಂಟಲಿನಿಂದ ನಗುವಿನಂಥದೇನೋ ಬಂತು. ಅದು ಪೂರ್ತಿ ಆಗುವ ಮೊದಲೇ ಅಳುವಾಯಿತು. ಅಳು ನಿಂತದ್ದೇ ಅವಳು ಸೊಸೆಯ ಕಡೆ ತಿರುಗಿದಳು.

"ಅಂವ ಹೇಳಿದಾ, ಹೋದಾ. ನೀ ಕಲತಾಕಿ. ನೀ ಯಾಕ ಸುಮ್ನ ಕುಂತಿ? ನಾ ಕೈಯಾರೆ ನಿನ್ನ ಔಷಧಾ ನೀರಿಗಿ ಒಗದೇನಿ. ಮ್ಯಾಲೆ ಖಾರ ಹಾಕಿ ಉಣಸೇನಿ. ನಿನಗೇನರ ಆಗಿದ್ರ ಮಂದಿ ಏನಂತಿದ್ರು? ಮಗಾ ಸತ್ತ ಸಿಟ್ಟಿಗಿ ಅತ್ತಿ ಕೊಂದ್ಲು ಅಂತಿದ್ರು! ನನ್ನ ಕೊಲಿಗಡಕಿ ಮಾಡಾಕ ಹೊಂಟಿದ್ದಿ ನೀನು!"

"ತಪ್ಪಾತ್ರಿ."

"ತಪ್ಪಾತಂತ!" ರಾಜಮತಿ ಉಣ್ಣದೆ ಎದ್ದು ಹೋದಳು. ಹೊರಗೆ ಹೊತ್ತು ಮುಳುಗಿತು. ಇನ್ನು ಮರುದಿನ ಬೆಳಗಿನವರೆಗೆ ಆ ಜೈನರ ಮನೆಯಲ್ಲಿ ಯಾರೂ ಉಣ್ಣುವಂತಿರಲಿಲ್ಲ.

ಎರಡು ದಿನ ಅವಳು ಸೊಸೆಯ ಕೂಡ ಮಾತಾಡಲಿಲ್ಲ. ಗಂಡನನ್ನು ಮಾತ್ರ ಒಮ್ಮೆ ಕೇಳಿದಳು:

"ಏನ್ರಿ, ಆ ಹೊಳ್ಯಾಗಿನ ಮೀನಾ ಗುಳಿಗಿ ನುಂಗಿದ್ರ?"

"ನುಂಗಿದ್ರ ಅವುಗಳ ಹೊಟ್ಟಿ ಆರಾಮ ಇರತಾವ ತಗೋ."

"ನಿಮಗ ನಗಿ. ಜೀವ ಹೋದ್ರ ಪಾಪ ನನ್ನ ತಲಿ ಮ್ಯಾಲೆ."

ಆದರೆ ಅವತ್ತು ಒಲೆಯ ಮೇಲೆ ಹೆಸರುಬೇಳೆ ಕುದಿಯಿತು. ತವ್ವೆ, ಮೆತ್ತಗಿನ ಅನ್ನ ಸುಪ್ರೀತಾಳ ಮುಂದೆ ಬಂದು ಕುಳಿತವು. ಬಡಿಸಿದ ಕೈ ಏನೂ ಹೇಳದೆ ಹೋಯಿತು.

ಮೂರನೆಯ ದಿನ ಬೀಳಗಿಯಿಂದ ಸುಪ್ರೀತಾಳ ತಮ್ಮ ಕುಣಾಲ ಬೈಕಿನ ಮೇಲೆ ಬಂದ. ಅವನು ಚಪ್ಪಲಿ ಬಿಡುವ ರೀತಿಯಲ್ಲೇ ಅವಳಿಗೆ ತಿಳಿಯಿತು. ಸಿದ್ಧಾಂತ ಹೇಳಿದ್ದು ಸುಳ್ಳಾಗಲಿಲ್ಲ, ಅತ್ತೆ ಫೋನ್ ಹಚ್ಚಿದ್ದಾಳೆ. ಸುಪ್ರೀತಾ ಕೋಣೆಗೆ ಹೋಗಿ ನಾಲ್ಕು ಸೀರೆ ಚೀಲಕ್ಕೆ ತುಂಬಿದಳು. ಅಳು ಬರಲಿಲ್ಲ. ಸೀರೆಗಳ ಅಂಚು ಸರಿಯಾಗಿ ಕೂಡಿಸಿ ಮಡಚಿದ್ದು ಮಾತ್ರ ಅವಳ ನೆನಪಿನಲ್ಲಿ ಉಳಿಯಿತು.

ಪಡಸಾಲೆಯಲ್ಲಿ ಕುಣಾಲ ಜಿನ್ನಪ್ಪನಿಗೆ ಹೇಳುತ್ತಿದ್ದ: "ಮಾಮಾರ, ಬ್ಯಾನಿ ಮುಚ್ಚಿ ಮದಿವಿ ಮಾಡಿಲ್ರಿ ನಾವು. ಆಮ್ಯಾಲ ಬಂದದ್ದು. ಆದ್ರೂ ನಿಮಗ ತ್ರಾಸ ಬ್ಯಾಡ. ಅಕ್ಕನ್ನ ಕರಕೊಂಡ ಹೋಗ ಅಂದಾಳ ಅವ್ವ."

"ಯಾರ ಕರಸ್ಯಾರ ನಿನ್ನ?" ರಾಜಮತಿ ಅಡಿಗೆಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಅರ್ಧ ಸುಲಿದ ಸೋರೆಕಾಯಿ ಇತ್ತು.

"ನೀವ ಫೋನ್ ಮಾಡಿದ್ರಂತಲ್ರಿ."

"ಮಾಡೇನಿ. ಮಿರಜದಾಗ ಯಾವ ಡಾಕ್ಟರ್ ಅಂತ ಕೇಳಾಕ ಮಾಡೇನಿ. ನಿಮ್ಮವ್ವ ಪೂರಾ ಕೇಳಸ್ಕೊಂಡ್ರ ಅಲ್ಲ? ಅಳಾಕ ಹತ್ತಿದ್ರು, ಫೋನ್ ಇಟ್ರು."

"ಅಕ್ಕನ್ನ ಕೇಳಬೇಕಿಲ್ರಿ?"

"ಅಕಿ ನನ್ನ ಕೂಡ ಮಾತಾಡವಲ್ಲಳು."

"ಅವ್ವಾ, ಮಾತಾಡದಾಕಿ ನೀನು," ಎಂದಳು ಮೇಘಾ.

"ನೀ ಸುಮ್ನಿರ್ಲೇ." ರಾಜಮತಿಯ ಕಣ್ಣು ಸೊಸೆಯ ಚೀಲದ ಮೇಲೆ ಬಿತ್ತು. "ಎಲ್ಲಿಗಿ ಹೊಂಟಾಳಿಕಿ? ಮೂರ ವರ್ಷ ಯಾರ ಹೊಟ್ಟಿ ನೋಡಿ ಅಡಗಿ ಮಾಡೇನಿ ನಾನು? ಹೆಸರ ತಪ್ಪ ಗೊತ್ತಿತ್ತು, ಅಷ್ಟ. ನನ್ನ ಪೇಶಂಟ್ ಅಕಿ. ಅರ್ಧಕ್ಕ ಬಿಟ್ಟ ಕೊಡಾಕ ಆಗಂಗಿಲ್ಲ."

ಕುಣಾಲ ಅಕ್ಕನನ್ನು ನೋಡಿದ. "ನೀ ಏನಂತೀಬೇ?"

ಸುಪ್ರೀತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಇಷ್ಟು ದಿನದಲ್ಲಿ ಅವಳು ಇದಕ್ಕಿಂತ ಉದ್ದದ ಮಾತು ಆಡಿರಲಿಲ್ಲ. "ನಾ ಇಲ್ಲೇ ಇರತೇನಿ ಕುಣಾಲ. ಆದ್ರ ಅತ್ಯಾರ, ಇನ್ನ ಮುಚ್ಚಿಡಾಕ ನನಗ ಆಗಂಗಿಲ್ರಿ. ಔಷಧಾ ನನ್ನ ಹೆಸರಲೇ ಬರಬೇಕು, ನನ್ನ ಹೆಸರಲೇ ಫ್ರಿಜ್‌ನ್ಯಾಗ ಇರಬೇಕು. ಯಾರರ ಕೇಳಿದ್ರ ನಂದ ಅಂತ ಹೇಳತೇನಿ."

"ಹೇಳು. ನಾ ಏನ್ ಬ್ಯಾಡ ಅಂದ್ನಿ?" ರಾಜಮತಿ ಸೋರೆಕಾಯಿ ಸುಲಿಯುತ್ತ ಒಳಗೆ ಹೋದಳು. "ಕುಣಾಲಾ, ಉಂಡ ಹೋಗಪಾ. ಸಪ್ಪನ್ನದ್ದ ಐತಿ, ನಡೀತೈತೇನು?"

ಬುಧವಾರ ಅತ್ತೆ ಸೊಸೆ ಮಿರಜದ ಬಸ್ ಹತ್ತಿದರು. ದಾರಿಯಲ್ಲಿ ತೊಂದರೆಯಾಗಬಾರದೆಂದು ಸುಪ್ರೀತಾ ಹಿಂದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಹೊಟ್ಟೆ ಆದರೂ ಬಿಡಲಿಲ್ಲ. ತೇರದಾಳ ದಾಟುತ್ತಲೇ ಅವಳು ಮುಂದಿನ ಸೀಟಿನ ಸರಳು ಹಿಡಿದುಕೊಂಡಳು. ಕೈಯ ಗಿಣ್ಣುಗಳು ಬೆಳ್ಳಗಾದವು. ರಾಜಮತಿ ಅದನ್ನು ನೋಡಿದಳು. ಹೊರಗೆ ಸಾಲುಗಟ್ಟಿ ಕಬ್ಬು, ಮನೆ ಒಂದೂ ಇಲ್ಲ. ಮನೆಯಲ್ಲಿ ಗಂಡಸರ ಎದುರು ಸಂಡಾಸು ಎಂಬ ಮಾತನ್ನೂ ಆಡದ ಹೆಂಗಸು ತುಂಬಿದ ಬಸ್ಸಿನಲ್ಲಿ ಎದ್ದು ನಿಂತಳು.

"ಡ್ರೈವರಣ್ಣಾ, ಗಾಡಿ ನಿಂದರಸು!"

"ಇಲ್ಲಿ ಸ್ಟಾಪ್ ಇಲ್ರಿ ಅಜ್ಜಿ," ಎಂದ ಕಂಡಕ್ಟರ್.

"ಯಾವಾಕಿ ಅಜ್ಜಿ? ಹೊಟ್ಟಿಗಿ ಸ್ಟಾಪ್ ಗೊತ್ತಾಗತೈತೇನು? ನನ್ನ ಸೊಸಿಗಿ ಕರುಳಿನ ಬ್ಯಾನಿ ಐತಿ. ನಿಂದರಸ್ತೀರೋ, ನಾನ ಬಂದು ಬ್ರೇಕ್ ತುಳೀಲೋ?"

ಬಸ್ಸಿನಲ್ಲಿ ಯಾರೋ ನಕ್ಕರು. ಡ್ರೈವರ್ ಇನ್ನೊಂದು ಫರ್ಲಾಂಗು ಓಡಿಸಿ, ಹೊಲದ ನಡುವಿನ ಒಂದು ಮನೆಯ ಎದುರು ನಿಲ್ಲಿಸಿದ. ರಾಜಮತಿ ಸೊಸೆಗಿಂತ ಮೊದಲೇ ಇಳಿದು ಕೂಗಿದಳು: "ಏ ತಂಗೀ, ಸಂಡಾಸ ಐತೇನವಾ?"

ಮನೆಯ ಹೆಂಗಸು ದಾರಿ ತೋರಿಸಿದಳು. ಬಸ್ಸು ಕಾಯಿತು. ಫೈಲು ಹಿಡಿದಿದ್ದ ಒಬ್ಬ ಕಿಟಕಿಯಿಂದ ತಲೆ ಹಾಕಿ, "ಹನ್ನೊಂದಕ್ಕ ಕೋರ್ಟಿನ್ಯಾಗ ಇರಬೇಕ್ರಿ ನಾನು" ಎಂದ.

"ಕೋರ್ಟ ಕುಂತಿರತೈತಿ ತಮ್ಮಾ. ಹೊಟ್ಟಿ ಕೂಡಂಗಿಲ್ಲ."

ಸುಪ್ರೀತಾ ತಲೆ ತಗ್ಗಿಸಿಕೊಂಡು ಮರಳಿ ಹತ್ತಿದಳು. ಐವತ್ತು ಜೋಡಿ ಕಣ್ಣು ತನ್ನ ಮೇಲೆ ಬೀಳುತ್ತವೆಂದು ಅವಳು ಮೂರು ವರ್ಷ ಹೆದರಿದ್ದಳು. ಯಾರೂ ನೋಡುತ್ತಿರಲಿಲ್ಲ. ಬಾಗಿಲ ಬಳಿಯ ಸೀಟಿನಲ್ಲಿದ್ದ ಮುದುಕಿ ತನ್ನ ಗಂಟು ಎತ್ತಿಕೊಂಡು, "ಇಲ್ಲಿ ಕೂಡ ಮಗಾ, ಇಳ್ಯಾಕ ಸಲೀಸ ಆಗತೈತಿ" ಎಂದು ಹಿಂದಕ್ಕೆ ಹೋದಳು. ಬಸ್ಸು ಹೊರಟಿತು.

ಡಾಕ್ಟರು ರಕ್ತ ಪರೀಕ್ಷೆ ನೋಡಿ ಗದರಿದರು. ಔಷಧ ಬಿಟ್ಟದ್ದಕ್ಕೆ ರೋಗ ಎದ್ದಿದೆ, ಇನ್ನೂ ಕೈಮೀರಿಲ್ಲ ಎಂದರು. ಕೆಲವು ವಾರಕ್ಕೆ ಸ್ಟಿರಾಯ್ಡ್ ಗುಳಿಗೆ, ತಾವು ಹೇಳಿದಂತೆ ಸಾವಕಾಶ ಇಳಿಸಬೇಕು, ಒಮ್ಮೆಲೇ ಬಿಡಬಾರದು. ಸೂಜಿ ಮೊದಲಿನಿಂದ ಶುರು.

"ಊಟಕ್ಕ ಏನ್ ಕೊಡಬೇಕ್ರಿ?" ಎಂದಳು ರಾಜಮತಿ.

"ಊಟದಿಂದ ಈ ರೋಗ ಹೋಗೂದಿಲ್ರಿ. ಔಷಧಾ ತಪ್ಪಸಬಾರದು. ಬ್ಯಾನಿ ಎದ್ದಾಗ ಮೆತ್ತಗಿಂದ ಕೊಡ್ರಿ, ಇಳದ ಮ್ಯಾಲೆ ಸೇರೂದೆಲ್ಲಾ ಉಣ್ಲಿ. ಇಷ್ಟ ದಿನಾ ಅಡಗಿ ಯಾರ ಮಾಡ್ತಿದ್ರಿ?"

"ನಾನ್ರಿ."

"ತೂಕ ಛಲೋ ಕಾಯ್ದೀರಿ."

ರಾಜಮತಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ಆಮೇಲೆ ದನಿ ತಗ್ಗಿಸಿ, "ಆ ಸೂಜ್ಯಾಗ ಮಾಂಸದ್ದೇನರ ಕೂಡಿರತೈತೇನ್ರಿ?" ಎಂದಳು.

"ಮಾಂಸ ಅಲ್ರಿ. ಪ್ರಾಣಿ ಜೀವಕೋಶ ಲ್ಯಾಬಿನ್ಯಾಗ ಬೆಳಸಿ ಅದರಿಂದ ಮಾಡ್ತಾರ. ಜೀವದ ಸಂಬಂಧನ ಇಲ್ಲಂತ ನಾ ಸುಳ್ಳ ಹೇಳಂಗಿಲ್ಲ."

ಅವಳು ಔಷಧದ ಚೀಟಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಔಷಧದ ಅಂಗಡಿಯವನು ಚೀಟಿ ನೋಡಿ, "ಸಿದ್ಧಾಂತ ಅಣ್ಣಾರ ಬರಲಿಲ್ರಿ? ಅವರ ನೀಲಿ ಡಬ್ಬಿ?" ಎಂದ. ಸುಪ್ರೀತಾ ಅವನು ತೀರಿಹೋದದ್ದನ್ನು ಹೇಳಿದಳು. ಅಂಗಡಿಯವನು ಥರ್ಮಾಕೋಲಿನ ಪೆಟ್ಟಿಗೆಗೆ ಐಸ್ ಹಾಕಿ ಸೂಜಿ ಇಟ್ಟ. "ತಂಪ ಹೋಗಬಾರದಂತ ಅಣ್ಣಾರು ದನದ ಲಸಿಕಿ ಡಬ್ಬಿ ತರತಿದ್ರು. ರನ್ನ ಬೆಳಗಲಿ ಸಿದರಾಯ ಅನ್ನೂರ ಕಡೆ ಇಸ್ಕೊಂಡೇನಿ, ಕೊಡಬೇಕು ಕೊಡಬೇಕು ಅಂತಿದ್ರು." ಆ ಡಬ್ಬಿಯನ್ನು ಅವಳು ಎಂದೂ ಕಂಡಿರಲಿಲ್ಲ. ಮನೆಗೆ ಸಿದ್ಧಾಂತ ಬರೀ ಬಟ್ಟೆಯ ಚೀಲ ತರುತ್ತಿದ್ದ.

ಮರುದಿನ ಬೆಳಿಗ್ಗೆ ಸುಪ್ರೀತಾ ಸೂಜಿಯ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ತನ್ನ ಹೆಸರು ಬರೆದು, ಒಂದನ್ನು ಹೊರಗೆ ತೆಗೆದಳು. ಕೋಣೆಯ ಬಾಗಿಲು ತೆರೆದೇ ಇತ್ತು.

"ಕೊಡಿಲ್ಲಿ," ಎಂದಳು ರಾಜಮತಿ. "ಅಂವ ಮಾಡತಿದ್ದ ಅಂದ್ರ ನನಗೇನ ಧಾಡಿ?" ಮುಚ್ಚಳ ತೆಗೆದು ಸೂಜಿಯ ಮೊನೆ ಕಂಡದ್ದೇ ಅವಳು ಹಾಗೇ ನೆಲಕ್ಕೆ ಕುಳಿತಳು. "ನೀನ ಹಾಕ್ಕೊ ಮಾರಾಯಳ."

ಸುಪ್ರೀತಾ ಹೊಟ್ಟೆಯ ಚರ್ಮ ಹಿಡಿದು ಚುಚ್ಚಿಕೊಂಡಳು. ಮನಸ್ಸಿನಲ್ಲೇ ಹತ್ತು ಎಣಿಸಿದಳು.

"ಬ್ಯಾನಿ ಆಕ್ಕೈತೇನು?"

"ಆಕ್ಕೈತ್ರಿ."

"ಇರಿವಿ ಕಡದಂಗ ಅಂತಿದ್ನಲ್ಲ ಅಂವ?"

"ಚೇಳ ಕಡದಂಗ ಆಕ್ಕೈತ್ರಿ. ಅವರಿಗೇನ್ ಗೊತ್ತು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವಳು ರಾಜಮತಿ. ಸುಪ್ರೀತಾ ಹತ್ತಿ ಒತ್ತಿಹಿಡಿದುಕೊಂಡೇ ನಕ್ಕಳು. ಆ ನಗು ಕೇಳಿ ಜಿನ್ನಪ್ಪ ಪೇಪರು ಹಿಡಿದುಕೊಂಡು ಬಾಗಿಲಿಗೆ ಬಂದು, ಇಬ್ಬರನ್ನೂ ನೋಡಿ ಹಿಂದಿರುಗಿದ.

"ಇವತ್ತ ನಂದ ಒಪ್ಪತ್ತು," ಎಂದಳು ರಾಜಮತಿ ಏಳುತ್ತ. "ಸಂಜಿಗಿ ನನಗ ಅನ್ನಾ ಇಡಬ್ಯಾಡ್ರಿ. ಒಂದ ಹೊತ್ತ ಉಣ್ಣತೇನಿ."

"ಯಾಕ್ರಿ?"

"ಡಾಕ್ಟರ್ ಹೇಳಿದ್ರಲ್ಲ, ಜೀವದ ಸಂಬಂಧ ಐತಿ ಅಂತ. ಅದಕ್ಕ ಪ್ರಾಯಶ್ಚಿತ್ತ. ಸೂಜಿ ಹಾಕ್ಕೊಂಡ ದಿನಾ ಒಪ್ಪತ್ತು."

"ಮಾಡೂದಿದ್ರ ನಾ ಮಾಡಬೇಕಲ್ರಿ. ಔಷಧಾ ನಂದು."

"ಉಪವಾಸ ಬಿದ್ದು ಮತ್ತ ಬಸ್ ನಿಂದರಸಾಕ ಹಚ್ಚತೀಯೇನು? ಮನಿ ಒಂದ, ಒಲಿ ಒಂದ, ಪಾಪ ಏನ್ ಬ್ಯಾರೆ ಬ್ಯಾರೆ ಇರತೈತೇನು? ಸೂಜಿ ನಿಂದು, ಒಪ್ಪತ್ತು ನಂದು. ಮಾತ ಮುಗೀತು."

ಐದಾರು ವಾರ ಹೀಗೆ ಹೋದವು. ಸೂಜಿ ತರಲೆಂದು ರಾಜಮತಿ ಸೊಸೆಗೆ ಹೊಸ ತಂಪಿನ ಡಬ್ಬಿ ಕೊಂಡು ತಂದಳು. ಮೊದಲು ರಕ್ತ ನಿಂತಿತು. ಆಮೇಲೆ ಕಡಿತ. ಗುಳಿಗೆ ದಿನಕ್ಕೆ ಎಂಟರಿಂದ ಆರಕ್ಕೆ, ನಾಲ್ಕಕ್ಕೆ, ಒಂದಕ್ಕೆ ಇಳಿಯಿತು. ಗುಳಿಗೆಯಿಂದ ಊದಿಕೊಂಡಿದ್ದ ಮುಖವೂ ಇಳಿಯತೊಡಗಿತು. ಒಂದು ಬೆಳಿಗ್ಗೆ ಮೇಘಾ ಅಡಿಗೆಮನೆಗೆ ಬಂದು, "ವೈನಿ, ನಿನ್ನೆ ಬಕೆಟ್ ಎರಡ ಸಲ ಅಷ್ಟ ಸಪ್ಪಳ ಮಾಡೈತ್ರಿ" ಎಂದು ವರದಿ ಕೊಟ್ಟಳು. ರಾಜಮತಿ ಅವತ್ತು ತವ್ವೆಗೆ ಒಂದು ಚಿಟಿಕೆ ಮೆಣಸಿನಪುಡಿ ಹಾಕಿ, ಸೊಸೆಯ ಮುಖವನ್ನೇ ನೋಡುತ್ತ ಕುಳಿತಳು. ಮರುದಿನವೂ ಏನೂ ಆಗಲಿಲ್ಲ. ಮೂರನೆಯ ದಿನ ಎರಡು ಚಿಟಿಕೆ ಬಿತ್ತು. ಜಿನ್ನಪ್ಪ ಬೆರಳು ನೆಕ್ಕಿಕೊಂಡು ಉಂಡ.

ಅಂಗಡಿ ಮತ್ತೆ ತೆರೆದಾಗ ಜಿನ್ನಪ್ಪನಿಗೆ ಅಟ್ಟದ ಮೇಲೆ ಆ ನೀಲಿ ಡಬ್ಬಿ ಸಿಕ್ಕಿತು. ಹೆಗಲಿಗೆ ಹಾಕುವ ಪಟ್ಟಿ, ಮುಚ್ಚಳದ ಮೇಲೆ ಆಕಳ ಚಿತ್ರ. ರಾಜಮತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. "ದನದ ಡಬ್ಬ್ಯಾಗ ತಂದಾನ ನೋಡ ನನ್ನ ಮಗಾ!"

"ನಾ ಕೊಟ್ಟ ಬರತೇನ್ರಿ ಅತ್ಯಾರ," ಎಂದಳು ಸುಪ್ರೀತಾ.

ಅವಳು ಸಿದ್ಧಾಂತನ ಸ್ಕೂಟರ್ ಹೊರಗೆ ತೆಗೆದಾಗ ಶೇವಂತಿ ಗೋಡೆಯ ಮೇಲಿಂದ, "ಮೂರ ತಿಂಗಳ ಆಗಿಲ್ಲ, ಒಬ್ಬಾಕೀನ ಗಾಡಿ ಮ್ಯಾಲೆ ಹೊಂಟಾಳಲ್ಲ ರಾಜಮತೀ?" ಎಂದಳು.

"ಹೂಂ. ಹೋಗೂ ತ್ರಾಣ ಬಂದೈತಿ, ಹೊಂಟಾಳ," ಎಂದಳು ರಾಜಮತಿ. "ಏನರ ತರೂದಿದ್ರ ಹೇಳು, ತರತಾಳ."

ದಾರಿಯುದ್ದಕ್ಕೂ ಕಬ್ಬಿನ ಟ್ರಾಕ್ಟರುಗಳು. ಸುಪ್ರೀತಾ ಎಲ್ಲಿಯೂ ನಿಲ್ಲಿಸಲಿಲ್ಲ. ನಿಲ್ಲಿಸುವ ಜಾಗ ಹುಡುಕುತ್ತ ಹೋಗುವ ಹಳೆಯ ರೂಢಿ ತನ್ನ ಕಣ್ಣಿಗೆ ತಪ್ಪಿಹೋಗಿದೆ ಎಂದು ಅವಳಿಗೆ ತಿಳಿದದ್ದು ರನ್ನ ಬೆಳಗಲಿಯ ಅಗಸಿ ಕಂಡ ಮೇಲೆ.

ದನಕುರಿಗಳಿಗೆ ಲಸಿಕೆ ಹಾಕುವ ಸಿದರಾಯನ ಮನೆ ಊರ ಅಂಚಿನಲ್ಲಿತ್ತು. ಹಟ್ಟಿಯಲ್ಲಿ ಕುರಿಗಳು ಒದರುತ್ತಿದ್ದವು. ಡಬ್ಬಿ ನೋಡಿದ್ದೇ ಅವನು ತಲೆಯ ಮೇಲಿನ ಟವೆಲ್ ತೆಗೆದ.

"ಅಣ್ಣಾರ ಮನ್ಯಾಗಿನವರೇನ್ರಿ? ಸುದ್ದಿ ಕೇಳೇನ್ರಿ. ಬರಬೇಕಂದ್ನಿ, ಮಾರಿ ತೋರಸೂದ ಆಗಲಿಲ್ಲ."

"ಇದನ್ನ ಇಷ್ಟ ದಿನಾ ಇಟ್ಕೊಂಡ್ವಿ. ಒಮ್ಮೆರ ಕೇಳಬೇಕಿಲ್ರಿ?"

"ನಿಮಗ ಬೇಕಾಗಿರತೈತಂತ ಸುಮ್ನಿದ್ನ್ರಿ ಅಕ್ಕಾರ. ಇಸ್ಕೊಳ್ಳೂ ಮುಂದ ಯಾರಿಗ್ರಿ ಅಂತ ಕೇಳಿದ್ದೆ. 'ನನ್ನ ಹೆಂಡ್ತಿ ಸುಪ್ರೀತಾಗ' ಅಂದಿದ್ರು."

ಸುಪ್ರೀತಾ ಪಟ್ಟಿಯನ್ನು ಹೆಗಲಿನಿಂದ ತೆಗೆಯುತ್ತಿದ್ದವಳು ಒಂದು ಕ್ಷಣ ಹಾಗೆಯೇ ನಿಂತಳು.

ಸಿದರಾಯನ ಹೆಂಡತಿ ಬೋರವ್ವ ತಂಬಿಗೆಯಲ್ಲಿ ಮಜ್ಜಿಗೆ ತಂದಳು. "ಏನ್ ಬ್ಯಾನಿಯವಾ ನಿನಗ?"

"ಕರುಳಿಂದ್ರಿ. ಹೋಗೂದಲ್ಲ, ಹದ್ದಿನ್ಯಾಗ ಇಡೂದು. ಹದಿನೈದ ದಿನಕ್ಕೊಮ್ಮೆ ಸೂಜಿ. ನಾನ ಹಾಕ್ಕೋತೇನಿ."

"ನೀನ?" ಬೋರವ್ವ ಗಂಡನ ಕಡೆ ಗದ್ದ ಎತ್ತಿ ತೋರಿಸಿದಳು. "ಇವರ್ನ ನೋಡ, ಊರ ಕುರಿಗೆಲ್ಲಾ ಚುಚ್ಚತಾರ. ತಮಗ ನಾಯಿ ಕಡದಾಗ ಸೂಜಿ ಅಂದ್ರ ಮಾಳಗಿ ಹತ್ತಿ ಕುಂತಿದ್ರು!"

"ಏ, ಅದನ್ನ್ಯಾಕ ತಗೀತಿ ಈಗ?" ಎಂದ ಸಿದರಾಯ.

ಸುಪ್ರೀತಾ ನಗುತ್ತಲೇ ತಂಬಿಗೆ ಎತ್ತಿ ಮಜ್ಜಿಗೆಯನ್ನು ಪೂರ್ತಿ ಕುಡಿದಳು. ಆಮೇಲೆ ಡಬ್ಬಿಯನ್ನು ಎರಡೂ ಕೈಯಿಂದ ಅವನ ಮುಂದೆ ಹಿಡಿದಳು.

ಅವನು ತೆಗೆದುಕೊಳ್ಳಲಿಲ್ಲ. "ಇರಲಿ ಬಿಡ್ರಿ ಅಕ್ಕಾರ, ನಿಮಗ ಮತ್ತ ಬೇಕಾದೀತು. ನಾ ಹಾಲಿನ ಕ್ಯಾನಿನ್ಯಾಗ ಐಸ್ ಹಾಕ್ಕೊಂಡ ಹೆಂಗೋ ಮಾಡತೇನಿ."

"ಬ್ಯಾಡ್ರಿ ಅಣ್ಣಾರ. ನಮ್ಮತ್ತಿ ನನಗಂತ ಬ್ಯಾರೆ ತಂದಾರ." ಅವಳು ಡಬ್ಬಿಯನ್ನು ಅವನ ಕೈಗೆ ಕೊಟ್ಟು, ಪಟ್ಟಿಯನ್ನೂ ಮಡಚಿ ಮೇಲಿಟ್ಟಳು. "ಇದರ ದಾರಿ ನಿಮ್ಮ ಕುರಿ ಕಾಯಾಕತ್ತಾವ."